ಪಿಜಿಅಡ್ಮಿನ್ ಬ್ಯಾಕಪ್: ಕಸ್ಟಮ್ಮೋ, ಪ್ಲೇನೋ?

ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ಅದರ ನಿರ್ವಹಣಾ ತಂತ್ರಾಂಶ ಪಿಜಿಅಡ್ಮಿನ್‌ನಿಂದ ಬ್ಯಾಕಪ್ ಮಾಡಲು ಹೊರಟರೆ ಫಾರ್ಮ್ಯಾಟ್ ಯಾವುದೆಂದು ಕೇಳುತ್ತದೆ. ಹೆಚ್ಚಿನವರಿಗೆ ಕಸ್ಟಮ್ ಸಾಕು. ಫೈಲ್ ತಾನಾಗಿಯೇ ಕಂಪ್ರೆಸ್ ಆಗಿರುತ್ತದೆ. ಯಾರೋ ಒಂದು ಟೇಬಲ್ ಅಳಿಸಿಬಿಟ್ಟರೆ ಉಳಿದದ್ದನ್ನು ಮುಟ್ಟದೆ ಅದೊಂದನ್ನೇ ರಿಸ್ಟೋರ್ ಮಾಡಬಹುದು. ಡೇಟಾ ದೊಡ್ಡದಿದ್ದರೆ ರಿಸ್ಟೋರ್ ಮಾಡುವಾಗ ‘ನಂಬರ್ ಆಫ್ ಜಾಬ್ಸ್’ನಲ್ಲಿ 4 ಎಂದು ಕೊಡಿ, ನಾಲ್ಕು ಕಡೆಯಿಂದ ಒಟ್ಟಿಗೆ ತುಂಬುತ್ತದೆ.

ಪ್ಲೇನ್ ಅಂದರೆ ಬರೀ ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಆದೇಶ ಕೊಡುವ ಭಾಷೆ) ಪಠ್ಯ. ನೋಟ್‌ಪ್ಯಾಡ್‌ನಲ್ಲೇ ತೆರೆದು ಓದಬಹುದು. ಆದರೆ ಬ್ಯಾಕಪ್ ಮರಳಿ ತುಂಬುವ ಪಿಜಿ_ರಿಸ್ಟೋರ್ ಇದನ್ನು ಒಪ್ಪುವುದಿಲ್ಲ, ಎಸ್‌ಕ್ಯೂಎಲ್ ಓಡಿಸುವ ಪಿಎಸ್‌ಕ್ಯೂಎಲ್‌ಗೇ ಕೊಡಬೇಕು. ಹಳೆಯ ಆವೃತ್ತಿಯ ಸರ್ವರ್‌ಗೆ ಡೇಟಾ ಸಾಗಿಸುವಾಗ ಮಾತ್ರ ನನ್ನ ಮತ ಇದಕ್ಕೆ: ಅಡ್ಡಬರುವ ಸಾಲುಗಳನ್ನು ಕೈಯಾರೆ ತೆಗೆಯಬಹುದಲ್ಲ!

ಅಂದಹಾಗೆ, ಎರಡರಲ್ಲೂ ಯೂಸರ್‌ಗಳು, ಪಾಸ್‌ವರ್ಡ್‌ಗಳು ಬರುವುದಿಲ್ಲ. ಹೊಸ ಯಂತ್ರಕ್ಕೆ ಹೋಗುವವರು ಸರ್ವರ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಬ್ಯಾಕಪ್ ಗ್ಲೋಬಲ್ಸ್’ ಆರಿಸಿ ಅವನ್ನೂ ತೆಗೆದಿಟ್ಟುಕೊಳ್ಳಿ.