ಟ್ರಿಮ್ಮರ್ ಜೊತೆ ಎರಡೂವರೆ ವರ್ಷ: ಮಿಷನ್ ಚೆನ್ನಾಗಿದೆ, ಕೈ ಪಳಗೋಕೆ ಟೈಮ್ ಬೇಕು

ಮೊದಲೇ ಹೇಳಿಬಿಡುತ್ತೇನೆ, ನಾನು ಬಡಗಿ ಅಲ್ಲ. ಹಾಸನದಲ್ಲಿ ಲೆಕ್ಕ ಬರೆಯುವ ಕೆಲಸ. ಭಾನುವಾರ ಬಂದರೆ ಮನೆ ಹಿಂದಿನ ಶೀಟಿನ ಶೆಡ್ಡು, ಅಲ್ಲಿ ಮರ ಕೊಯ್ಯುವ ಹುಚ್ಚು. ಬಹಳ ವರ್ಷ ಕೈಗರಗಸ, ಉಳಿ, ಉಜ್ಜುಗೊರಡಿನಲ್ಲೇ ಕಾಲ ಹಾಕಿದೆ. ಆಮೇಲೆ ಡ್ರಿಲ್ ಬಂತು, ಜಿಗ್‌ಸಾ ಬಂತು. ಅವೆರಡಕ್ಕೂ ಕೈ ಒಗ್ಗಲು ಒಂದೊಂದು ವಾರ ಸಾಕಾಯಿತು. ಎರಡೂವರೆ ವರ್ಷದ ಹಿಂದೆ ತಂದ, ಮರದ ಅಂಚು ಕೊರೆಯುವ ಟ್ರಿಮ್ಮರ್ ಮಾತ್ರ ನನ್ನನ್ನು ಮತ್ತೆ ಒಂದನೇ ಕ್ಲಾಸಿಗೆ ಕೂರಿಸಿತು.

ಕಂಪನಿ ಹೆಸರು ಬರೆಯುವುದಿಲ್ಲ. ಈ ಸೈಜಿನವು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಒಂದು ಕೈಯಲ್ಲಿ ಹಿಡಿಯಬಹುದಾದ ಉದ್ದನೆಯ ಮೋಟಾರು, ಅದರ ಕೆಳಗೆ ಬಿಟ್ ಅಂದರೆ ಮರ ಕೊರೆಯುವ ಅಲಗು, ಸುತ್ತ ಹಲಗೆಯ ಮೇಲೆ ಕೂರುವ ಒಂದು ಚೌಕದ ಬೇಸ್. ನನ್ನದು 710 ವ್ಯಾಟ್. ಡಯಲ್ ತಿರುಗಿಸಿದರೆ ನಿಮಿಷಕ್ಕೆ 10,000ದಿಂದ 30,000 ಸುತ್ತು. ತೂಕ ಎರಡು ಕಿಲೋ ಒಳಗೆ. ಇಂಟೀರಿಯರ್ ಕೆಲಸದವರ ಕೈಯಲ್ಲಿ ನೋಡಿರುತ್ತೀರಿ. ಪ್ಲೈವುಡ್‌ಗೆ ಮೈಕಾ ಅಂಟಿಸಿದ ಮೇಲೆ ಹೊರಗೆ ಉಳಿದ ಅಂಚನ್ನು ಸರ್ರನೆ ತೆಗೆಯುತ್ತಾರಲ್ಲ, ಅದೇ. ನನಗೆ ಮೈಕಾ ಕೆಲಸ ಇಲ್ಲ. ಹಲಗೆಯ ಅಂಚು ಗುಂಡಗಾಗಬೇಕಿತ್ತು, ಶೆಲ್ಫಿಗೆ ಗ್ರೂವ್, ಅಂದರೆ ಕಾಲುವೆಯಂಥ ಉದ್ದನೆಯ ಗೀರು ಬೇಕಿತ್ತು.

ನಮ್ಮ ಕಡೆ ಸಿಲ್ವರ್ ಓಕ್ ಸುಲಭವಾಗಿ ಸಿಗುತ್ತದೆ. ಕಾಫಿ ತೋಟಕ್ಕೆ ನೆರಳಿಗೆ ಅಂತ ಹಾಕಿದ್ದು, ಮೈಗೆ ಮೆಣಸಿನ ಬಳ್ಳಿ ಹಬ್ಬಿಸಿರುತ್ತಾರೆ. ಕಡಿದಾಗ ಸಾಮಿಲ್ಲಿಗೆ ಬರುತ್ತದೆ. ಸರಿಯಾದ ದಿಕ್ಕಿನಲ್ಲಿ ಕೊಯ್ಸಿದರೆ ಮೈಮೇಲೆ ಮೀನಿನ ಪೊರೆಯಂಥ ಚುಕ್ಕೆ ಮೂಡುತ್ತದೆ, ನೋಡಲು ಚಂದ. ಮೊದಲ ದಿನ ಅದರದ್ದೇ ಹಲಗೆ ಇಟ್ಟೆ. ಸ್ವಿಚ್ ಹಾಕಿ ಬಲದಿಂದ ಎಡಕ್ಕೆ ತಳ್ಳಿದೆ. ಮಿಷನ್ ಕೈ ಬಿಡಿಸಿಕೊಂಡು ಅಂಚಿನ ಮೇಲೆ ಕುಣಿಯುತ್ತಾ ಓಡಿತು. ಹಲಗೆಯ ತುಂಬಾ ಇಲಿ ಕಡಿದ ಹಾಗೆ ಗುರುತು. ಎದೆ ಹೊಡೆದುಕೊಳ್ಳುತ್ತಿತ್ತು. ಸ್ವಿಚ್ ಆಫ್ ಮಾಡಿ ಹೊರಗೆ ಬಂದು ಸುಮ್ನೆ ನಿಂತೆ.

ತಪ್ಪು ನನ್ನದೇ. ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ಹಲಗೆಯ ಹೊರ ಅಂಚಿನಲ್ಲಿ ನಾವು ಅದಕ್ಕೆ ಎದುರಾಗಿ ಹೋಗಬೇಕು. ಅಂಚು ನಮ್ಮ ಕಡೆ ಇದ್ದರೆ ಎಡದಿಂದ ಬಲಕ್ಕೆ. ಚೌಕಟ್ಟಿನ ಒಳ ಅಂಚಾದರೆ ಇದು ಉಲ್ಟಾ. ಹೀಗೆ ಹೋದಾಗ ಮಿಷನ್ ಸ್ವಲ್ಪ ತಡೆಯುತ್ತದೆ, ಆ ತಡೆಯೇ ನಮಗೆ ಹಿಡಿತ. ಬಿಟ್ ಸುತ್ತುವ ಕಡೆಗೇ ಹೋದರೆ ಅದು ಮರವನ್ನು ಗಾಲಿಯ ಹಾಗೆ ಹತ್ತಿ ಓಡುತ್ತದೆ. ಪುಸ್ತಿಕೆಯಲ್ಲಿ ಇದಕ್ಕೆ ಹೆಬ್ಬೆರಳಿನಷ್ಟು ಚಿತ್ರ ಇದೆ, ಬಾಣದ ಗುರುತು ಇದೆ. ಭೂತಗನ್ನಡಿ ಬೇಕು ಅಷ್ಟೇ.

ಮಿಕ್ಕಿದ್ದನ್ನು ಕಲಿಸಿದ್ದು ಪಕ್ಕದ ಮನೆಯ ಅಡುಗೆಮನೆ ಕೆಲಸಕ್ಕೆ ಬಂದಿದ್ದ ಹುಡುಗ. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. ಕಾಂಪೌಂಡ್ ಆಚೆಯಿಂದ ನನ್ನ ಮಿಷನ್ ಸದ್ದು ಕೇಳಿಯೇ ಬಂದ. "ಸಾರ್, ಮಿಷನ್ ಕೂಗ್ತಿದೆ. ಜಾಸ್ತಿ ತಿನ್ನಿಸ್ತಿದೀರ. ಎರಡ್ಮೂರು ಸಲ ಹೋಗಿ" ಅಂದ. ನಾನು ಒಂದೇ ಸಲಕ್ಕೆ 8 ಮಿಲಿಮೀಟರ್ ಆಳ ಇಟ್ಟಿದ್ದೆ. ಅವನು 3ಕ್ಕೆ ಇಳಿಸಿ ಕೊಟ್ಟ. ಸದ್ದೇ ಬದಲಾಯಿತು. ಆಮೇಲೆ ನನ್ನ ಕೈ ನೋಡಿ, "ಗ್ಲೌಸ್ ಬಿಚ್ಚಿ ಸಾರ್, ಅದೇ ಸಿಕ್ಕಾಕೊಳ್ಳೋದು" ಅಂದ. ಆ ಗ್ಲೌಸ್ ಮನೆಯವರು ಅಕ್ಕರೆಯಿಂದ ತಂದುಕೊಟ್ಟಿದ್ದು. ಅವರಿಗೆ ಈ ವಿಷಯ ಒಪ್ಪಿಸುವುದು ಟ್ರಿಮ್ಮರ್ ಕಲಿಯುವುದಕ್ಕಿಂತ ಕಷ್ಟವಾಯಿತು.

ಅವತ್ತಿನಿಂದ ಕಿವಿ ಕೊಟ್ಟು ಕೆಲಸ ಮಾಡುತ್ತೇನೆ. ಇಯರ್‌ಮಫ್ ಹಾಕಿಕೊಂಡರೂ ಮೋಟಾರು ನಲುಗುವುದು ಗೊತ್ತಾಗುತ್ತದೆ. ಸದ್ದು ದಪ್ಪವಾಯಿತು ಅಂದರೆ ನಾನು ಜಾಸ್ತಿ ತಳ್ಳುತ್ತಿದ್ದೇನೆ. ತೀರಾ ತೆಳ್ಳಗೆ ಕೀಚಲಾಯಿತು ಅಂದರೆ ಒಂದೇ ಕಡೆ ನಿಂತಿದ್ದೇನೆ, ಮರ ಸುಡುತ್ತಿದೆ. ಸಿಲ್ವರ್ ಓಕ್‌ನಲ್ಲಿ ಇದು ಬೇಗ ಗೊತ್ತಾಗುತ್ತದೆ, ಕಂದು ಬರೆ ಎಳೆದಂತೆ ಕಲೆ ಬೀಳುತ್ತದೆ. ಹಲಸಿನ ಮರ ಇದಕ್ಕಿಂತ ಸಾಧು. ಹೊನ್ನೆ ಮರ ಒಮ್ಮೆ ಮಾಡಿದೆ. ಬೆವರಿನ ಜೊತೆ ಅದರ ಪುಡಿ ಸೇರಿ ಬಿಳಿ ಬನಿಯನ್ ಹಳದಿಯಾಯಿತು, ಇವತ್ತಿಗೂ ಹೋಗಿಲ್ಲ.

ಇನ್ನೊಂದು ವಿಷಯ, ಇದು ನಿಜಕ್ಕೂ ಅಪಾಯದ್ದು. ಈ ಸೈಜಿನ ಮಿಷನ್ನಿಗೆ ಬಿಟ್ಟಿನ ದಂಟು ಹೆಚ್ಚಾಗಿ ಎರಡು ಅಳತೆಯಲ್ಲಿ ಬರುತ್ತದೆ. 6 ಮಿಲಿಮೀಟರ್ ಒಂದು, ಕಾಲಿಂಚು ಅಂದರೆ 6.35 ಇನ್ನೊಂದು. ಕಣ್ಣಿಗೆ ವ್ಯತ್ಯಾಸ ಕಾಣುವುದೇ ಇಲ್ಲ. ನಾನು ಕಾಲಿಂಚಿನ ಕಾಲೆಟ್‌ಗೆ (ದಂಟನ್ನು ಕಚ್ಚಿ ಹಿಡಿಯುವ ಭಾಗ) 6ರ ಬಿಟ್ ಹಾಕಿ ಬಿಗಿ ಮಾಡಿದ್ದೆ. ಬಿಗಿಯಾಯಿತು ಅಂತಲೇ ಅನ್ನಿಸಿತ್ತು. ಶೆಲ್ಫಿನ ಗ್ರೂವ್ ಆಳ ಶುರುವಿನಲ್ಲಿ 5 ಮಿಲಿಮೀಟರ್, ಕೊನೆಯಲ್ಲಿ 9! ಬಿಟ್ ಮೆಲ್ಲಗೆ ಕೆಳಗೆ ಜಾರುತ್ತಾ ಬಂದಿತ್ತು. ಇನ್ನೊಂದು ಹಲಗೆ ಮಾಡಿದ್ದರೆ ಪೂರ್ತಿ ಹೊರಗೇ ಹಾರುತ್ತಿತ್ತೋ ಏನೋ. ಈಗ ಎರಡು ಅಳತೆಯ ಬಿಟ್‌ಗಳೂ ಬೇರೆ ಬೇರೆ ಡಬ್ಬದಲ್ಲಿ. ಬಿಟ್ ತಳಕ್ಕೆ ಮುಟ್ಟುವ ತನಕ ತೂರಿಸಿ, ಎರಡು ಮಿಲಿಮೀಟರ್ ಹಿಂದಕ್ಕೆ ಎಳೆದು ಆಮೇಲೆ ಬಿಗಿ ಮಾಡುತ್ತೇನೆ. ತಳಕ್ಕೆ ತಾಗಿದ್ದರೆ ಕಾಲೆಟ್ ಸರಿಯಾಗಿ ಕಚ್ಚುವುದಿಲ್ಲ.

ಕರೆಂಟ್ ಕಥೆ ಹೇಳಲೇಬೇಕು. ಒಂದು ಮಧ್ಯಾಹ್ನ ಕೆಲಸದ ನಡುವೆ ಕರೆಂಟ್ ಹೋಯಿತು. ಇನ್ನು ಸಂಜೆಗೇ ಅಂದುಕೊಂಡು ಮಿಷನ್ನನ್ನು ಬೆಂಚಿನ ಮೇಲೆ ಮಲಗಿಸಿ ಕಾಫಿಗೆ ಒಳಗೆ ಹೋದೆ. ಈ ಮಿಷನ್ನಿಗೆ ಜಾರುವ ಸ್ವಿಚ್. ಒಮ್ಮೆ ಮುಂದೆ ತಳ್ಳಿದರೆ ಅಲ್ಲೇ ಕೂರುತ್ತದೆ. ಆಫ್ ಮಾಡಲು ಮರೆತಿದ್ದೆ. ಲೋಟ ತುಟಿಗೆ ಇಟ್ಟಿದ್ದೇನೆ, ಶೆಡ್ಡಿನಲ್ಲಿ ಏನೋ ಕಿರುಚಿತು, ಆಮೇಲೆ ದಡ್ ಅಂತ ಸದ್ದು. ಓಡಿ ಹೋಗಿ ನೋಡಿದರೆ ಟ್ರಿಮ್ಮರ್ ನೆಲದ ಮೇಲೆ ಸಿಮೆಂಟ್ ಕೆರೆಯುತ್ತಾ ಸುತ್ತುತ್ತಿದೆ. ಹತ್ತಿರ ಹೋಗಲಿಲ್ಲ, ಗೋಡೆಯ ಸ್ವಿಚ್ ಆರಿಸಿದೆ. ಬಿಟ್ ಹಾಳು, ಬೇಸ್ ಸೀಳಿತ್ತು. ಆ ಹೊತ್ತಿನಲ್ಲಿ ಮಗಳು ಅಲ್ಲಿ ಆಡುತ್ತಿದ್ದರೆ ಅನ್ನುವುದನ್ನು ನೆನೆದರೆ ಈಗಲೂ ಹೊಟ್ಟೆ ತೊಳಸುತ್ತದೆ. ಕರೆಂಟ್ ಹೋದ ಕೂಡಲೇ ಪ್ಲಗ್ ಕಿತ್ತುಬಿಡಿ. ಬಿಟ್ ಬದಲಿಸುವಾಗಲೂ ಅಷ್ಟೇ. ಹೊಸದಾಗಿ ಕೊಳ್ಳುವವರಿಗೆ ನಾನು ಮೊದಲು ನೋಡಲು ಹೇಳುವುದು ವ್ಯಾಟ್ ಅಲ್ಲ. ಕರೆಂಟ್ ವಾಪಸ್ ಬಂದಾಗ ತಾನಾಗಿ ಶುರುವಾಗದ ಮಾಡೆಲ್ ಸಿಗುತ್ತದಾ ಅಂತ ಕೇಳಿ.

ಒಡೆದ ಬೇಸ್ ಬದಲಿಗೆ ಸೈನ್‌ಬೋರ್ಡ್ ಅಂಗಡಿಯಿಂದ 6 ಮಿಲಿಮೀಟರ್ ಅಕ್ರಿಲಿಕ್ ತುಂಡು ತಂದು ಅಗಲವಾದದ್ದೊಂದು ಮಾಡಿಕೊಂಡೆ. ಕಂಪನಿಯದ್ದಕ್ಕಿಂತ ಇದೇ ವಾಸಿ. ಅಂಚಿನಲ್ಲಿ ಅರ್ಧ ಬೇಸ್ ಗಾಳಿಯಲ್ಲಿದ್ದರೂ ಮಿಷನ್ ವಾಲುವುದಿಲ್ಲ. ಅದಕ್ಕೇ ಒಂದು ತೂತು ಕೊರೆದು ಮೊಳೆ ಹಾಕಿದರೆ ಅದರ ಸುತ್ತ ತಿರುಗಿಸಿ ದುಂಡಗೆ ಕತ್ತರಿಸಬಹುದು. ಮನೆಯಲ್ಲಿರುವ ಮೂರು ಸ್ಟೂಲಿನ ತಲೆ ಹಾಗೇ ಬಂದವು.

ಖರ್ಚಿನ ಮಾತು. ಬಿಟ್‌ಗೆ ಹಾಕಿದ ದುಡ್ಡು ಕೂಡಿದರೆ ಮಿಷನ್ನಿನ ಬೆಲೆಗೆ ಹತ್ತಿರ ಬಂದಿದೆ. ಮೊದಲು ಹನ್ನೆರಡರ ಅಗ್ಗದ ಸೆಟ್ ತಂದೆ. ಅದರಲ್ಲಿ ಬಳಸಿದ್ದು ಮೂರು: ನೇರದ್ದು, ಗುಂಡಂಚಿನದು, ಹೊರಗೆ ಉಳಿದದ್ದನ್ನು ಅಂಚಿಗೆ ಸಮ ಮಾಡುವ, ಬೇರಿಂಗ್ ಇರುವ ಫ್ಲಶ್ ಟ್ರಿಮ್. ಆ ಬೇರಿಂಗ್ ಕೂಡ ಆರು ತಿಂಗಳಿಗೆ ಜಾಮ್ ಆಗಿ ಮರ ಸುಡತೊಡಗಿತು. ಆಮೇಲೆ ಬೇಗ ಸವೆಯದ ಕಾರ್ಬೈಡ್ ತುದಿಯವನ್ನು ಒಂದೊಂದಾಗಿ ತಂದೆ. ಅಂಟು ಕಟ್ಟಿದಾಗ ಸೀಮೆಎಣ್ಣೆಯಲ್ಲಿ ಅದ್ದಿ ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜುತ್ತೇನೆ, ಹೊಸದರಂತೆ ಕೊರೆಯುತ್ತದೆ. ಕರೆಂಟಿನ ಚಿಂತೆ ಬೇಡ, 710 ವ್ಯಾಟ್ ಅಂದರೆ ಮೂರು ಆಂಪ್ಸ್ ಚಿಲ್ಲರೆ. ಮಾಮೂಲಿ 6 ಆಂಪ್ಸ್ ಸಾಕೆಟ್ಟೇ ಸಾಕು.

ಧೂಳು ಮಾತ್ರ ವಿಪರೀತ. ಹೊಟ್ಟು ಹೋಗಲಿ, ಗುಡಿಸಿದರೆ ಆಯಿತು. ಗಾಳಿಯಲ್ಲಿ ನಿಲ್ಲುವ ಹಿಟ್ಟಿನಂಥ ಪುಡಿ ಕೆಟ್ಟದ್ದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಮರದ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಕೋವಿಡ್ ಕಾಲದ ಎನ್95 ಮಾಸ್ಕ್‌ಗಳು ಉಳಿದಿದ್ದವು, ಅವನ್ನೇ ಹಾಕುತ್ತೇನೆ. ಕನ್ನಡಕವೂ ಬೇಕು.

ರಿಪೇರಿ ಬಗ್ಗೆ: ಇಪ್ಪತ್ತನೇ ತಿಂಗಳಿಗೆ ಮೋಟಾರಿನೊಳಗೆ ಕಿಡಿ ಜಾಸ್ತಿ ಕಾಣತೊಡಗಿ, ಮಿಷನ್ ತಡೆತಡೆದು ಓಡಿತು. ತಿರುಗುವ ಮೋಟಾರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿತ್ತು. ಸರ್ವಿಸ್ ಸೆಂಟರಿನವರು ಮೂರು ವಾರ ಇಟ್ಟುಕೊಂಡು "ಪಾರ್ಟ್ ಬಂದಿಲ್ಲ" ಅಂತ ಹಾಗೇ ವಾಪಸ್ ಕೊಟ್ಟರು. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಹೊಂದುವ ಜೋಡಿ ಹತ್ತು ನಿಮಿಷಕ್ಕೆ ಸಿಕ್ಕಿತು. ಎರಡು ಮುಚ್ಚಳದ ಸ್ಕ್ರೂ ಬಿಚ್ಚಿ ನಾನೇ ಹಾಕಿದೆ. ಆಳ ಹಿಡಿದಿಡುವ ಕ್ಲಾಂಪು ನಡುಕಕ್ಕೆ ಸಡಿಲವಾಗುತ್ತದೆ, ತಿಂಗಳಿಗೊಮ್ಮೆ ನಟ್ ಬಿಗಿ ಮಾಡಬೇಕು. ಇದು ಡಿಸೈನಿನದ್ದೇ ಕೊರತೆ ಅನ್ನಿಸುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಅಂಕ ಕಳೆದದ್ದು ಆ ಸ್ವಿಚ್ಚಿಗೆ. ಡ್ರಿಲ್ ಕೂಡ ಇಲ್ಲದವರು ಮೊದಲು ಇದನ್ನು ಕೊಳ್ಳಬೇಡಿ. ಕೊಂಡರೆ, ಚೆಂದದ ಹಲಗೆ ಮುಟ್ಟುವ ಮುಂಚೆ ಸಾಮಿಲ್ಲಿನಿಂದ ಒಂದು ಚೀಲ ತುಂಡು ರೀಪರ್ (ಮರದ ಪಟ್ಟಿ) ತಂದು ಹಾಳು ಮಾಡಿ. ನನ್ನ ಮೊದಲ ದಿನದ ಆ ಇಲಿ ಕಡಿದ ಹಲಗೆ ಈಗ ಶೆಡ್ಡಿನ ಬಾಗಿಲಿಗೆ ಒತ್ತು ಕೊಡಲು ಬಳಕೆಯಲ್ಲಿದೆ.