ಐರನ್ ಮೇಡನ್‌ನ ನಾಲ್ಕು ಸಂಗ್ರಹಗಳು: ಯಾವುದರಲ್ಲಿ ಯಾರ ದನಿ ಉಳಿದಿದೆ?

ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್‌ನ ಹಾಡುಗಳನ್ನು ಯಾವುದರಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ, ‘ಯಾವುದಾದರೂ ಒಂದು ಬೆಸ್ಟ್ ಆಫ್ ಕೇಳಿ’ ಅಂದುಬಿಡುತ್ತಿದ್ದೆ. ಎಲ್ಲದರಲ್ಲೂ ಹೆಚ್ಚುಕಡಿಮೆ ಅವೇ ಹಾಡುಗಳು ಅಲ್ವಾ ಅನ್ನೋದು ನನ್ನ ಲೆಕ್ಕ. ಈಚೆಗೆ ನಾಲ್ಕು ಸಂಗ್ರಹಗಳನ್ನು ಒಂದಾದ ಮೇಲೊಂದರಂತೆ, ಒಂದೇ ಹೆಡ್‌ಫೋನ್‌ನಲ್ಲಿ, ಯಾವ ಹಾಡನ್ನೂ ಬಿಡದೆ ಕೇಳಿದೆ. ನನ್ನ ಲೆಕ್ಕ ತಪ್ಪಾಗಿತ್ತು.

ವ್ಯತ್ಯಾಸ ಇರುವುದು ಹಾಡುಗಾರರ ವಿಷಯದಲ್ಲಿ. ಸ್ಟೀವ್ ಹ್ಯಾರಿಸ್ 1975ರಲ್ಲಿ ಕಟ್ಟಿದ ಈ ಬ್ಯಾಂಡಿನ ಮೊದಲ ಎರಡು ಆಲ್ಬಮ್‌ಗಳಲ್ಲಿ ಹಾಡಿದ್ದು ಪಾಲ್ ಡಿಯಾನೋ. 1982ರ ಆಲ್ಬಮ್ಮಿನಿಂದ ಬ್ರೂಸ್ ಡಿಕಿನ್ಸನ್. ಅವರು 1993ರಲ್ಲಿ ಬಿಟ್ಟುಹೋದ ಮೇಲೆ ಬ್ಲೇಜ್ ಬೇಲಿ ಬಂದು ಎರಡು ಆಲ್ಬಮ್ ಹಾಡಿದರು. 1999ರಲ್ಲಿ ಡಿಕಿನ್ಸನ್ ವಾಪಸ್ ಬಂದರು. ಈ ಮೂವರಲ್ಲಿ ಯಾರನ್ನು ಇಟ್ಟುಕೊಂಡಿದ್ದಾರೆ, ಯಾರನ್ನು ಕೈಬಿಟ್ಟಿದ್ದಾರೆ ಅಂತ ನೋಡಿದರೆ ಪ್ರತಿ ಸಂಗ್ರಹದ ಮನಸ್ಸು ಗೊತ್ತಾಗುತ್ತದೆ.

ಮೊದಲು ಕೇಳಿದ್ದು 2002ರ ‘ಎಡ್ವರ್ಡ್ ದಿ ಗ್ರೇಟ್’. ಒಂದೇ ಡಿಸ್ಕು, ಹದಿನಾರು ಹಾಡು. ಹೆಚ್ಚಿನವು ಸಿಂಗಲ್ ಆಗಿ ಬಂದು ಹೆಸರು ಮಾಡಿದವು. ಕೇಳೋಕೆ ಹಿತವಾಗಿದೆ. ಆದರೆ ಡಿಯಾನೋ ಕಾಲದ ಒಂದು ಹಾಡೂ ಇಲ್ಲ. ಬ್ಯಾಂಡಿನ ಬಾಲ್ಯವೇ ಇಲ್ಲದ ಹಾಗೆ ನೇರವಾಗಿ 1982ರಿಂದ ಕಥೆ ಶುರು. ಬ್ಲೇಜ್ ಹಾಡಿದ ಎರಡು ಹಾಡುಗಳನ್ನು ಅವರ ದನಿಯಲ್ಲೇ ಉಳಿಸಿದ್ದಾರೆ, ಅದೊಂದು ಒಳ್ಳೆಯ ಕೆಲಸ. ಎರಡನೇ ಸಲ ಹಾಕಬೇಕು ಅಂತ ನನಗೆ ಅನ್ನಿಸಲಿಲ್ಲ.

2008ರ ‘ಸಮ್‌ವೇರ್ ಬ್ಯಾಕ್ ಇನ್ ಟೈಮ್’ ಬಗ್ಗೆ ನನಗೆ ಮೊದಲಿಂದಲೂ ಸಿಟ್ಟಿತ್ತು. ಇದು 1980ರಿಂದ 1989ರವರೆಗಿನ ಹಾಡುಗಳ ಸಂಗ್ರಹ. ಡಿಯಾನೋ ಕಾಲದ ಮೂರು ಹಾಡುಗಳಿವೆ, ಆದರೆ ಡಿಯಾನೋ ದನಿ ಇಲ್ಲ. ಅವುಗಳ ಬದಲಿಗೆ 1985ರ ‘ಲೈವ್ ಆಫ್ಟರ್ ಡೆತ್’ನಿಂದ ಡಿಕಿನ್ಸನ್ ಹಾಡಿದ ಲೈವ್ ರೂಪಗಳನ್ನು ಹಾಕಿದ್ದಾರೆ. ಹಾಡು ಬೇಕು, ಹಾಡಿದವನು ಬೇಡ ಅಂದ ಹಾಗಾಯಿತಲ್ಲ ಅಂತ ಬೇಜಾರು.

ಆದರೆ ಈ ಸಲ ಒಂದೇ ಉಸಿರಿನಲ್ಲಿ ಕೇಳಿದಾಗ ಬೇರೆ ಏನೋ ಕಿವಿಗೆ ಬಿತ್ತು. ಇಡೀ ಡಿಸ್ಕು ಒಂದೇ ಮೈಯಿನ ಹಾಗಿದೆ. ಯಾಕೆ ಅಂತ ಯೋಚಿಸಿದೆ. ಎರಡನೇ ಆಲ್ಬಮ್ಮಿನಿಂದ 1992ರವರೆಗೆ ಇವರ ಪ್ರೊಡ್ಯೂಸರ್, ಅಂದರೆ ರೆಕಾರ್ಡಿಂಗ್ ಹೇಗೆ ಕೇಳಿಸಬೇಕು ಅಂತ ರೂಪಿಸುವವರು, ಮಾರ್ಟಿನ್ ಬರ್ಚ್. ಆ ಲೈವ್ ಆಲ್ಬಮ್ ಕೂಡ ಅವರದೇ. ಆ ಕಾಲದಲ್ಲಿ ಅವರು ಮಾಡದ ಆಲ್ಬಮ್ಮು ಮೊದಲನೆಯದೊಂದೇ, ಅದರ ಹಾಡುಗಳು ಇಲ್ಲಿ ಲೈವ್ ರೂಪದಲ್ಲಿವೆ. ಅಂದರೆ ಹಾಡುಗಳೆಲ್ಲ ಒಬ್ಬನೇ ಪ್ರೊಡ್ಯೂಸರ್ ಕೈಯಿಂದ ಬಂದವು, ಒಬ್ಬನೇ ಹಾಡಿದವು. ಬೇಸ್ ಗಿಟಾರ್ ಮುಂದೆ ಬಂದು ಟಕಟಕ ಅನ್ನುವ ರೀತಿ ಎಲ್ಲೂ ಕೆಡುವುದಿಲ್ಲ. ಚರ್ಚಿಲ್ ಭಾಷಣದಿಂದ ಶುರುವಾಗಿ ‘ಏಸಸ್ ಹೈ’ ಹಾರಿದಾಗ ಸುಮ್ನೆ ಕೂರೋಕೆ ಆಗುವುದಿಲ್ಲ. ಹೊಸಬರಿಗೆ ಕೊಡೋಕೆ ಇದಕ್ಕಿಂತ ಸಲೀಸಾದ ಡಿಸ್ಕು ಇನ್ನೊಂದಿಲ್ಲ. ಸಿಟ್ಟು ಪೂರ್ತಿ ಹೋಗಿಲ್ಲ, ಆದರೂ ಇದನ್ನು ಒಪ್ಪಲೇಬೇಕು.

ಅದರ ಮುಂದಿನ ಭಾಗ 2011ರ ‘ಫ್ರಮ್ ಫಿಯರ್ ಟು ಎಟರ್ನಿಟಿ’. 1990ರಿಂದ 2010ರವರೆಗಿನ ಇಪ್ಪತ್ಮೂರು ಹಾಡು, ಎರಡು ಡಿಸ್ಕು. ಇಲ್ಲಿ ಬಿಟ್ಟುಹೋದವರು ಬ್ಲೇಜ್. ಅವರ ಕಾಲದ ‘ಸೈನ್ ಆಫ್ ದಿ ಕ್ರಾಸ್’ ಮತ್ತು ‘ದಿ ಕ್ಲಾನ್ಸ್‌ಮನ್’ ಎರಡೂ ‘ರಾಕ್ ಇನ್ ರಿಯೋ’ ಲೈವ್ ಆಲ್ಬಮ್ಮಿನಿಂದ ಬಂದಿವೆ, ಡಿಕಿನ್ಸನ್ ದನಿಯಲ್ಲಿ. ಎರಡನೆಯದು ಆ ಜನಸಾಗರದ ಕೂಗಿನ ನಡುವೆ ನಿಜಕ್ಕೂ ದೊಡ್ಡದಾಗಿ ಬೆಳೆದಿದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮೊದಲನೆಯದನ್ನು ಬ್ಲೇಜ್ ದನಿಯಲ್ಲೇ ಕೇಳಬೇಕು. ಅವರದು ಕೆಳಗಿನ ಸ್ಥಾಯಿಯ, ಸ್ವಲ್ಪ ಮಂಕಾದ ದನಿ. ಹನ್ನೊಂದು ನಿಮಿಷದ ಆ ಕತ್ತಲೆ ಹಾಡಿಗೆ ಅದೇ ಸರಿ. ಇನ್ನೊಂದು ಮಾತು: ಈ ಸಂಗ್ರಹದಲ್ಲಿ ಉದ್ದದ ಹಾಡುಗಳು ಜಾಸ್ತಿ. ಒಂದೇ ಕೂರಿಕೆಯಲ್ಲಿ ಎರಡೂ ಡಿಸ್ಕು ಕೇಳಿದಾಗ ನನಗೆ ಮಧ್ಯದಲ್ಲಿ ದಣಿವಾಯಿತು. ಒಂದು ದಿನಕ್ಕೆ ಒಂದು ಡಿಸ್ಕು ಸಾಕು.

ಕೊನೆಗೆ ಉಳಿಸಿಕೊಂಡದ್ದು 1996ರ ‘ಬೆಸ್ಟ್ ಆಫ್ ದಿ ಬೀಸ್ಟ್’. ಕೊಳ್ಳುವವರು ಇಲ್ಲಿ ಎಚ್ಚರವಾಗಿರಬೇಕು, ಇದೇ ಹೆಸರಲ್ಲಿ ಒಂದು ಡಿಸ್ಕಿನದೂ ಇದೆ, ಎರಡು ಡಿಸ್ಕಿನದೂ ಇದೆ. ನಾನು ಎರಡು ಡಿಸ್ಕಿನದು ಅಂತ ಹೇಳಿ ತರಿಸಿದ್ದೆ, ಮೊದಲು ಬಂದದ್ದು ಒಂದರದ್ದು. ಎರಡಕ್ಕೂ ಬಹಳ ಅಂತರ. ಒಂದರದ್ದರಲ್ಲಿ ಹಾಡುಗಳನ್ನು ಕಾಲದ ಕ್ರಮ ನೋಡದೆ ಜೋಡಿಸಿದ್ದಾರೆ. ಎರಡರದ್ದರಲ್ಲಿ ಕಾಲ ಹಿಂದಕ್ಕೆ ಓಡುತ್ತದೆ. ಆಗಿನ ಹೊಸ ಹಾಡು ‘ವೈರಸ್’ನಿಂದ ಶುರುವಾಗಿ ಬ್ಲೇಜ್, ಆಮೇಲೆ ಡಿಕಿನ್ಸನ್, ಆಮೇಲೆ ಡಿಯಾನೋ. ಬಾವಿಗೆ ಹಗ್ಗ ಇಳಿಬಿಟ್ಟ ಹಾಗೆ.

ಇದರಲ್ಲೂ ದನಿ ಬದಲಾಯಿಸಿದ್ದುಂಟು. ಡಿಕಿನ್ಸನ್ ಹಾಡಿದ್ದ ‘ಅಫ್ರೇಡ್ ಟು ಶೂಟ್ ಸ್ಟ್ರೇಂಜರ್ಸ್’ ಇಲ್ಲಿ ಬ್ಲೇಜ್ ಹಾಡಿದ ಲೈವ್ ರೂಪದಲ್ಲಿದೆ. ನ್ಯಾಯವಾಗಿ ನೋಡಿದರೆ ಅದಕ್ಕೂ ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮೂವರೂ ಈ ಸಂಗ್ರಹದಲ್ಲಿ ಇದ್ದಾರೆ ಅನ್ನೋದೇ ಕಾರಣ ಇರಬೇಕು. 1996ಕ್ಕೇ ನಿಂತುಬಿಡುವುದು ಇದರ ಕೊರತೆ. 1999ರ ನಂತರದ, ಮೂವರು ಗಿಟಾರ್ ವಾದಕರಿರುವ ಮೇಡನ್ ಬೇಕಾದವರು ಇದರ ಜೊತೆ 2011ರದನ್ನೂ ಇಟ್ಟುಕೊಳ್ಳಬೇಕು. ನಾನು ಹಾಗೇ ಇಟ್ಟುಕೊಂಡಿದ್ದೇನೆ, ಉಳಿದೆರಡನ್ನು ಕೇಳಿದವರಿಗೆ ಕೊಟ್ಟೆ.

ಎರಡನೇ ಡಿಸ್ಕಿನ ಕೊನೆಯಲ್ಲಿ 1978ರ ಕೊನೆಗೆ ಮಾಡಿದ ಡೆಮೊ ರೆಕಾರ್ಡಿಂಗ್‌ಗಳಿವೆ. ಆ ಸೆಷನ್ನಿನ ಮೂರು ಹಾಡುಗಳನ್ನು ಬ್ಯಾಂಡು ಮರುವರ್ಷ ತಾನೇ ಐದು ಸಾವಿರ ಪ್ರತಿ ಅಚ್ಚು ಹಾಕಿಸಿ ಮಾರಿತ್ತು. ‘ಸ್ಟ್ರೇಂಜ್ ವರ್ಲ್ಡ್’ ಆಗ ಹೊರಗುಳಿದಿತ್ತು, ಇಲ್ಲಿ ಅದೂ ಸಿಗುತ್ತದೆ. ಗಿಟಾರ್ ತೆಳ್ಳಗಿದೆ, ಡ್ರಮ್ಮು ದೂರದಲ್ಲೆಲ್ಲೋ ಬಡಿಯುತ್ತದೆ. ಅದರ ನಡುವೆ ಇಪ್ಪತ್ತು ವರ್ಷದ ಡಿಯಾನೋ ಮೆಲ್ಲಗೆ ಹಾಡುತ್ತಿದ್ದಾರೆ. ಅದು ಮುಗಿದು ಬ್ಯಾಂಡಿನದೇ ಹೆಸರಿನ ‘ಐರನ್ ಮೇಡನ್’ ಹಾಡು ಶುರುವಾದಾಗ ಅದೇ ಹುಡುಗ ಗಂಟಲು ಬಿಚ್ಚುತ್ತಾನೆ.