ವಾಕಿಂಗ್, ಭಾನುವಾರದ ಬಿಡುವು, ರಾತ್ರಿ ನಿದ್ದೆ: ನನಗೆ ಒಗ್ಗಿದ್ದು ಯಾವುದು?

ಮೂರು ವರ್ಷದ ಹಿಂದೆ ಬೈಕ್‌ನಿಂದ ಬಿದ್ದು ನಮ್ಮೆಜಮಾನರ ಕತ್ತಿನ ಹತ್ತಿರ ಬೆನ್ನುಹುರಿಗೆ ಪೆಟ್ಟಾಯಿತು. ಕೈಕಾಲು ಸ್ವಾಧೀನದಲ್ಲಿಲ್ಲ. 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಏರ್ ಬೆಡ್ ಇದ್ದರೂ ಅದು ತಪ್ಪೋದಿಲ್ಲ. ನೋಡಲು ಬಂದವರೆಲ್ಲ "ನಿನ್ನ ಆರೋಗ್ಯಾನೂ ನೋಡ್ಕೊಳಮ್ಮ" ಅನ್ನುತ್ತಾರೆ. ಯಾವಾಗ ಅಂತ ಮಾತ್ರ ಯಾರೂ ಹೇಳಲ್ಲ.

ಮೊದಲು ಹಿಡಿದಿದ್ದು ವಾಕಿಂಗ್. ಐದೂವರೆಗೆ ಅವರ ಮಗ್ಗುಲು ಬದಲಿಸಿ, ಯೂರಿನ್ ಬ್ಯಾಗ್ ಖಾಲಿ ಮಾಡಿ, ಮಗಳಿಗೆ ಹೇಳಿ ಕುಕ್ಕರಹಳ್ಳಿ ಕೆರೆಗೆ ಹೋಗುತ್ತಿದ್ದೆ. ಖರ್ಚಿಲ್ಲ, ಯಾರ ಹಂಗೂ ಇಲ್ಲ. ಆದರೆ ರಾತ್ರಿ ಮೂರು ಸಲ ಎದ್ದವಳಿಗೆ ಎಂಥ ವಾಕಿಂಗು? ಒಂದಿನ ಬೆಂಚಿನ ಮೇಲೆ ಕೂತವಳು ಹಾಗೇ ನಿದ್ದೆ ಹೋಗಿದ್ದೆ. ಮಗಳ ಫೋನ್ ಬಂದಾಗಲೇ ಎಚ್ಚರ.

ಆಮೇಲೆ ಭಾನುವಾರ. ನಂಜನಗೂಡಿನಿಂದ ನಾದಿನಿ ಬಂದಳು, ನಾನು ಮಂಡ್ಯಕ್ಕೆ ಅಮ್ಮನ ಮನೆಗೆ ಹೊರಟೆ. ಶಕ್ತಿ ಯೋಜನೆಯಿಂದ ಇಬ್ಬರಿಗೂ ಬಸ್ ಚಾರ್ಜಿಲ್ಲ. ಅಮ್ಮ ತಟ್ಟೆ ಇಟ್ಟಿದ್ದಳಷ್ಟೆ, ಫೋನ್ ಬಂತು. "ಅತ್ತಿಗೆ, ಅಣ್ಣಂಗೆ ತಲೆ ಸಿಡೀತಿದೆಯಂತೆ. ಮುಖ ಕೆಂಪಗಾಗಿದೆ, ಬೆವರ್ತಿದಾನೆ." ಇಂಥ ಪೆಟ್ಟಾದವರಿಗೆ ಮೂತ್ರ ಕಟ್ಟಿಕೊಂಡರೆ ಬಿಪಿ ಒಮ್ಮೆಲೇ ಏರುತ್ತದೆ, ಜೀವಕ್ಕೇ ಅಪಾಯ. "ಮೊದಲು ಎತ್ತಿ ಕೂರಿಸು, ಪೈಪ್ ಎಲ್ಲಾದರೂ ಮಡಚಿದೆಯಾ ನೋಡು" ಅಂದೆ. ತೊಡೆ ಕೆಳಗೆ ಸಿಕ್ಕಿಕೊಂಡಿತ್ತು. ಸರಿ ಮಾಡಿದ ಮೇಲೆ ಇಳಿಯಿತು. ನನಗೆ ಅನ್ನ ಇಳಿಯಲಿಲ್ಲ.

ಮುಂದಿನ ವಾರ ಎಲ್ಲ ಕಲಿಸಿ, ಬರೆದು ಬೀರುವಿಗೆ ಅಂಟಿಸಿದೆ. ಆಮೇಲೆ ನೆಮ್ಮದಿಯಾಗಿ ಹೋಗಿಬಂದೆ. ಆದರೆ ಅವಳಿಗೂ ಮನೆ, ಮಕ್ಕಳು ಇದ್ದಾರಲ್ವಾ? ಪ್ರತಿ ವಾರ ಕರೆಯಲು ನನಗೇ ಸಂಕೋಚ.

ಮಧ್ಯೆ ಒಂದು ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೂ ಫೋನ್ ಮಾಡಿದ್ದೆ. ಕನ್ನಡದಲ್ಲೇ ಮಾತಾಡಿದರು, ದುಡ್ಡಿಲ್ಲ. ಧೈರ್ಯ ತಂದ್ಕೋ ಅನ್ನದೆ ಅಳೋಕೆ ಬಿಟ್ಟರು. ಅಷ್ಟೇ ಸಾಕಾಗಿತ್ತು. ಆದರೆ ಫೋನಿಟ್ಟ ಮೇಲೆ ಮಗ್ಗುಲು ಬದಲಿಸಬೇಕಾದವಳು ನಾನೇ.

ಕೊನೆಗೆ, ವಾರಕ್ಕೆ ಎರಡು ರಾತ್ರಿ ಅಟೆಂಡರ್. ಒಂದು ಏಜೆನ್ಸಿಯಿಂದ ಬಂದ ಮೊದಲ ಹುಡುಗ ಚೆನ್ನಾಗಿ ನಿದ್ದೆ ಮಾಡಿದ. ಬೆಳಗ್ಗೆ ನೋಡಿದರೆ ಇವರ ಬೆನ್ನಲ್ಲಿ ಕೆಂಪು ಗುರುತು. ಅವತ್ತೇ ಕಳಿಸಿಬಿಟ್ಟೆ. ಎರಡನೆಯವರು ನಡುವಯಸ್ಸಿನವರು, ಅಲಾರಂ ಇಟ್ಟುಕೊಂಡು ಏಳುತ್ತಾರೆ. "ಹೊಸಬರು ಮುಟ್ಟಿದ್ರೆ ನಂಗಾಗಲ್ಲ" ಅಂತ ಇವರು ವಾರವಿಡೀ ಮುನಿಸಿಕೊಂಡಿದ್ದರು. ನಾನು ಜಗ್ಗಲಿಲ್ಲ. ಮಗಳ ರೂಮಲ್ಲಿ ಬಾಗಿಲು ಹಾಕಿ ಮಲಗಿದರೂ ಮೊದಮೊದಲು 2 ಗಂಟೆಗೊಮ್ಮೆ ತಾನಾಗೇ ಎಚ್ಚರವಾಗುತ್ತಿತ್ತು. ಮೂರನೇ ವಾರ ಕಣ್ಣು ಬಿಟ್ಟಾಗ ಬೆಳಗಾಗಿತ್ತು. ಅವತ್ತು ಕೆರೆಯನ್ನು ಪೂರ್ತಿ ಸುತ್ತಿ ಬಂದೆ.

ರಾತ್ರಿಗೆ 900 ರೂಪಾಯಿ, ತಿಂಗಳಿಗೆ 8 ರಾತ್ರಿ ಅಂದರೆ 7,200. ಅದಕ್ಕಾಗಿ ಚೀಟಿ ನಿಲ್ಲಿಸಿದೆ. ಮೂರರಲ್ಲಿ ದುಬಾರಿ ಇದೇ, ಆದರೂ ನನ್ನ ಓಟು ಇದಕ್ಕೇ. ಹೋದ ವಾರ ಅವರು ಇನ್ನು 100 ರೂಪಾಯಿ ಜಾಸ್ತಿ ಕೇಳಿದರು. ತರಕಾರಿಯವಳ ಹತ್ತಿರ 5 ರೂಪಾಯಿಗೂ ಚೌಕಾಸಿ ಮಾಡುವ ನಾನು ಸುಮ್ನೆ ಹ್ಞೂಂ ಅಂದೆ.